ಹಳೆಯ ಟ್ರಯಲ್ಸ್ ಬೈಕಿಗೆ ಹಿಂದಿನ ಶಾಕ್: ಯಾವ ಜೋಡಿ ಯಾರಿಗೆ?

ಬುಲ್ಟಾಕೊ ಶೆರ್ಪಾ, ಮೊಂಟೆಸಾ ಕೋಟಾ, ಯಮಹಾ ಟಿವೈ. ಇಂಥ ಹಳೆಯ ಬೈಕು ಕೊಂಡವರು ಎಂಜಿನ್ ಬಿಚ್ಚಿ ಕಟ್ಟುತ್ತಾರೆ, ಕಾರ್ಬ್ಯುರೇಟರ್ ತೊಳೆಯುತ್ತಾರೆ, ಟೈರ್ ಬದಲಿಸುತ್ತಾರೆ. ಅಷ್ಟೆಲ್ಲ ಆದ ಮೇಲೆ ಹಿಂದಿನ ಎರಡು ಶಾಕ್‌ಅಬ್ಸಾರ್ಬರ್ ಹತ್ತಿರ ಬಂದು ನಿಂತುಬಿಡುತ್ತಾರೆ. ಒಬ್ಬ ಗೆಳೆಯ ಹೇಗನ್ ಕಂಪನಿಯದು ಹಾಕು ಅಂತಾನೆ, ಇನ್ನೊಬ್ಬ ಹಳೆಯದನ್ನೇ ರಿಪೇರಿ ಮಾಡಿಸು ಅಂತಾನೆ. ಅಂಗಡಿಯವನು ತನ್ನ ಹತ್ತಿರ ಇರುವುದೇ ಒಳ್ಳೆಯದು ಅಂತಾನೆ. ಬ್ರಿಟನ್ನಿನಲ್ಲಿ ನೆಲೆಸಿ ಭಾನುವಾರದ ಕ್ಲಬ್ ಟ್ರಯಲ್ಸ್‌ಗೆ ಇಳಿದಿರುವ ನಮ್ಮವರೂ ಕೇಳುವುದು ಇದನ್ನೇ, ಬೆಂಗಳೂರಿನಲ್ಲಿ ಹಳೆಯ ಬುಲೆಟ್ಟನ್ನು ಟ್ರಯಲ್ಸ್ ರೂಪಕ್ಕೆ ತರುತ್ತಿರುವವರೂ ಕೇಳುವುದು ಇದನ್ನೇ. ಇಬ್ಬರಿಗೂ ಉತ್ತರ ಒಂದೇ ಅಲ್ಲ. ಬುಲೆಟ್ ವಿಷಯಕ್ಕೆ ಕೊನೆಯಲ್ಲಿ ಬರುತ್ತೇನೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಕಂಪನಿಯ ಹೆಸರು ನೋಡುವುದು ಕೊನೆಯ ಕೆಲಸ. ಮೊದಲು ಉದ್ದ, ಆಮೇಲೆ ನಿಮ್ಮ ತೂಕಕ್ಕೆ ತಕ್ಕ ಸ್ಪ್ರಿಂಗ್, ಆಮೇಲೆ ಒಳಗಿನ ಉಜ್ಜಾಟ ಎಷ್ಟು ಕಡಿಮೆ ಅನ್ನುವುದು. ಈ ಮೂರೂ ಸರಿಯಿದ್ದರೆ ಮಧ್ಯಮ ಬೆಲೆಯ ಶಾಕ್ ಕೂಡ ಚೆನ್ನಾಗಿ ನಡೆಯುತ್ತದೆ. ಇವು ತಪ್ಪಿದರೆ ಎಷ್ಟು ದುಬಾರಿ ಶಾಕ್ ತಂದರೂ ಬೈಕು ಕಲ್ಲಿನ ಮೇಲೆ ಜಾರುತ್ತದೆ.

ಟ್ರಯಲ್ಸ್ ಗೊತ್ತಿಲ್ಲದವರಿಗೆ ಎರಡು ಮಾತು. ಇದು ವೇಗದ ಪಂದ್ಯ ಅಲ್ಲ. ಕಲ್ಲು, ಕೆಸರು, ಹಳ್ಳ, ಮರದ ಬೇರು ಇರುವ ಚಿಕ್ಕ ಚಿಕ್ಕ ಸೆಕ್ಷನ್‌ಗಳನ್ನು ಕಾಲು ನೆಲಕ್ಕೆ ಊರದೆ ದಾಟಬೇಕು. ಒಂದು ಸಲ ಕಾಲಿಟ್ಟರೆ 1 ಅಂಕ ದಂಡ, ಸೆಕ್ಷನ್ ದಾಟಲು ಆಗದೇ ಹೋದರೆ 5. ಯಾರ ಅಂಕ ಕಡಿಮೆಯೋ ಅವರು ಗೆದ್ದಂತೆ. ಸವಾರ ಪೂರ್ತಿ ಹೊತ್ತು ಫುಟ್‌ರೆಸ್ಟ್ ಮೇಲೆ ನಿಂತೇ ಇರುತ್ತಾನೆ, ಬೈಕು ಹೋಗುವುದು ಹೆಚ್ಚುಕಮ್ಮಿ ನಡಿಗೆಯ ವೇಗದಲ್ಲಿ. ಆದ್ದರಿಂದ ಇಲ್ಲಿ ಶಾಕ್‌ನ ಕೆಲಸ ಬೆನ್ನು ಉಳಿಸುವುದಲ್ಲ. ಹಿಂದಿನ ಚಕ್ರವನ್ನು ಕಲ್ಲಿಗೆ ಅಂಟಿಸಿ ಇಡುವುದು, ಹಿಡಿತ ಕೊಡುವುದು. ಮೋಟೋಕ್ರಾಸ್ ಅಥವಾ ರಸ್ತೆ ಬೈಕಿನ ಶಾಕ್ ಇಲ್ಲಿ ಯಾಕೆ ಸರಿಹೋಗುವುದಿಲ್ಲ ಅನ್ನುವುದಕ್ಕೆ ಇದೇ ಕಾರಣ. ಅವು ಜೋರಾದ ಹೊಡೆತ ತಡೆಯಲು ಮಾಡಿದವು. ನಿಧಾನವಾಗಿ ಬರುವ ಚಿಕ್ಕ ಕಲ್ಲಿಗೆ ಅಲುಗುವುದೇ ಇಲ್ಲ.

ಇಲ್ಲಿ ಮಾತಾಡುತ್ತಿರುವುದು ಎರಡು ಶಾಕ್ ಇರುವ ಕಾಲದ ಬೈಕುಗಳ ಬಗ್ಗೆ. ಹೆಸರಾಂತ ಟ್ರಯಲ್ಸ್ ಸವಾರ ಸ್ಯಾಮಿ ಮಿಲ್ಲರ್ ಬ್ರಿಟನ್ನಿನ ದೊಡ್ಡ ಏರಿಯಲ್ ಬೈಕು ಬಿಟ್ಟು ಸ್ಪೇನಿನ ಬುಲ್ಟಾಕೊ ಹತ್ತಿ, 1965ರಲ್ಲಿ ಸ್ಕಾಟಿಷ್ ಸಿಕ್ಸ್ ಡೇಸ್ ಟ್ರಯಲ್ ಗೆದ್ದ ಮೇಲೆ ಹಗುರ ಟೂಸ್ಟ್ರೋಕ್ ಬೈಕುಗಳ ಯುಗ ಶುರುವಾಯಿತು. ಇನ್ನೊಬ್ಬ ಸವಾರ ಮಿಕ್ ಆಂಡ್ರ್ಯೂಸ್ ಮೊದಲು ಸ್ಪೇನಿನದೇ ಒಸ್ಸಾ ಬೈಕಿನಲ್ಲಿ, ಆಮೇಲೆ ಯಮಹಾದಲ್ಲಿ ಅದೇ ಪಂದ್ಯ ಗೆದ್ದರು. ಟಿವೈ ಬೈಕುಗಳ ಹಿಂದೆ ಇರುವುದು ಅವರದೇ ಕೈ. 1980ರ ದಶಕದ ನಡುವಿನ ಹೊತ್ತಿಗೆ ಒಂದೇ ಶಾಕ್‌ನ ಬೈಕುಗಳು ಬಂದು ಹಳೆಯವನ್ನು ಬದಿಗೆ ತಳ್ಳಿದವು. ಹಾಗಾಗಿ ಈಗ ಸಿಗುವ ಎರಡು ಶಾಕ್‌ನ ಬೈಕಿಗೆಲ್ಲ ಕಡಿಮೆಯೆಂದರೂ 40 ವರ್ಷದ ಹತ್ತಿರ ವಯಸ್ಸಾಗಿದೆ. ಅದರ ಜೊತೆಗೇ ಬಂದ ಶಾಕ್ ಇನ್ನೂ ಮೊದಲಿನ ಹಾಗೇ ಇದೆ ಅಂತ ಯಾರಾದರೂ ಹೇಳಿದರೆ ಸುಮ್ನೆ ನಕ್ಕುಬಿಡಿ.

ಮೊದಲು ಉದ್ದ

ಶಾಕ್‌ನ ಉದ್ದ ಅಂದರೆ ಮೇಲಿನ ಕಣ್ಣಿನ (ಬೋಲ್ಟ್ ಹಾಯುವ ತೂತಿನ) ನಡುವಿನಿಂದ ಕೆಳಗಿನ ಕಣ್ಣಿನ ನಡುವಿಗೆ ಇರುವ ದೂರ. ತುದಿಯಿಂದ ತುದಿಗೆ ಅಳೆಯಬೇಡಿ. ಈ ಬೈಕುಗಳಲ್ಲಿ ಅದು ಸಾಮಾನ್ಯವಾಗಿ 340ರಿಂದ 370 ಮಿ.ಮೀ. ನಡುವೆ ಬರುತ್ತದೆ. ಕೆಲವು ಚಿಕ್ಕವು, ಕೆಲವು ಇನ್ನೂ ಉದ್ದ. ಒಂದೇ ಮಾದರಿಯ ಬೈಕಿನಲ್ಲೂ ವರ್ಷದಿಂದ ವರ್ಷಕ್ಕೆ ಬದಲಾಗಿರುತ್ತದೆ. ಜೊತೆಗೆ ಹಿಂದಿನ ಮಾಲೀಕ ಏನು ಹಾಕಿದ್ದಾನೋ ಹೇಳಲಾಗದು. ಈಗ ಇರುವ ಶಾಕ್ ಅಳೆದು ಅದೇ ಸರಿ ಅಂದುಕೊಳ್ಳುವ ಬದಲು ನಿಮ್ಮ ಮಾದರಿಯ ಹಳೆಯ ಕೈಪಿಡಿ ಅಥವಾ ಅದೇ ಬೈಕು ಇಟ್ಟುಕೊಂಡವರ ಅಳತೆ ಜೊತೆ ತಾಳೆ ನೋಡಿ.

ಸ್ವಲ್ಪ ಉದ್ದದ್ದು ಹಾಕಿದರೆ ಏನಾಗುತ್ತದೆ? ಹಿಂಭಾಗ ಮೇಲೇಳುತ್ತದೆ, ಮುಂದಿನ ಫೋರ್ಕ್ ಇನ್ನಷ್ಟು ನೆಟ್ಟಗಾಗುತ್ತದೆ, ಹ್ಯಾಂಡಲ್ ಬೇಗ ತಿರುಗುತ್ತದೆ. ಲೆಕ್ಕ ಹಾಕಿ ನೋಡಿ. ಶಾಕ್ 10 ಮಿ.ಮೀ. ಉದ್ದವಾದರೆ ಹಿಂದಿನ ಆಕ್ಸಲ್ ಸುಮಾರು 12 ಮಿ.ಮೀ. ಕೆಳಗೆ ಹೋಗುತ್ತದೆ. ಎರಡು ಚಕ್ರದ ನಡುವಿನ ಅಂತರ 1300 ಮಿ.ಮೀ. ಇದ್ದರೆ ಫೋರ್ಕ್‌ನ ಕೋನ ಅರ್ಧ ಡಿಗ್ರಿ ಬದಲಾಗುತ್ತದೆ. ಕೇಳಲು ಚಿಕ್ಕದು. ಆದರೆ ಬಿಗಿ ತಿರುವಿನಲ್ಲಿ ಅದು ಕೈಗೆ ಗೊತ್ತಾಗುತ್ತದೆ. 1970ರ ದಶಕದ ಬೈಕುಗಳ ಹ್ಯಾಂಡಲ್ ಇಂದಿನವಕ್ಕಿಂತ ನಿಧಾನ. ಅದಕ್ಕೇ ಬಹಳ ಜನ ಬೇಕೆಂದೇ 10 ಮಿ.ಮೀ. ಉದ್ದದ ಶಾಕ್ ಹಾಕಿಕೊಳ್ಳುತ್ತಾರೆ. ಅದು ತಪ್ಪೇನಲ್ಲ. 20 ದಾಟಿದರೆ ಮಾತ್ರ ತೊಂದರೆ ಶುರು. ಚೈನ್ ಸ್ವಿಂಗ್ ಆರ್ಮ್‌ಗೆ (ಹಿಂದಿನ ಚಕ್ರ ಹಿಡಿದು ಮೇಲೆ ಕೆಳಗೆ ಆಡುವ ತೋಳಿಗೆ) ಉಜ್ಜುತ್ತದೆ, ಇಳಿಜಾರಿನಲ್ಲಿ ಬೈಕು ಸವಾರನನ್ನು ಮುಂದಕ್ಕೆ ನೂಕುತ್ತದೆ, ಫುಟ್‌ರೆಸ್ಟ್ ಎತ್ತರವಾಗಿ ಕುಳ್ಳಗಿರುವವರಿಗೆ ಕಾಲು ಎಟುಕುವುದಿಲ್ಲ.

ಉದ್ದದ ಜೊತೆಗೆ ಇನ್ನೂ ಮೂರು ಅಳತೆ ಬರೆದಿಟ್ಟುಕೊಳ್ಳಿ. ಬುಶ್‌ನ (ಕಣ್ಣಿನೊಳಗೆ ಕೂರುವ ಕೊಳವೆಯ) ಒಳ ವ್ಯಾಸ, ಕಣ್ಣಿನ ಅಗಲ, ಮತ್ತೆ ಸ್ಪ್ರಿಂಗ್‌ಗೆ ಎಷ್ಟು ಜಾಗ ಇದೆ ಅನ್ನುವುದು. ಸೈಲೆನ್ಸರ್ ಒಂದು ಕಡೆ, ಚೈನ್ ಇನ್ನೊಂದು ಕಡೆ. ಎರಡರ ನಡುವೆ ದಪ್ಪ ಸ್ಪ್ರಿಂಗ್ ಹಿಡಿಯುವುದಿಲ್ಲ. ಚಕ್ರ ಪೂರ್ತಿ ಮೇಲೆ ಬಂದಾಗ ಟೈರ್ ಮಡ್‌ಗಾರ್ಡಿಗೆ ತಾಗುವ ಮುಂಚೆ ಶಾಕ್‌ನ ಓಟ, ಅಂದರೆ ಅದು ಒತ್ತಿಕೊಳ್ಳುವ ದೂರ, ಮುಗಿಯಬೇಕು. ಇದನ್ನು ಸ್ಪ್ರಿಂಗ್ ತೆಗೆದು ಕೈಯಿಂದ ಚಕ್ರ ಎತ್ತಿ ನೋಡಬಹುದು.

ಸ್ಪ್ರಿಂಗ್: ಇಲ್ಲಿ ಜಾಸ್ತಿ ಹೊತ್ತು ನಿಲ್ಲಿ

ಟ್ರಯಲ್ಸ್ ಶಾಕ್‌ಗಳ ಸ್ಪ್ರಿಂಗ್ ಸಾಮಾನ್ಯವಾಗಿ 40, 50, 60 ಅನ್ನುವ ಲೆಕ್ಕದಲ್ಲಿ ಸಿಗುತ್ತದೆ. ಒಂದು ಇಂಚು ಒತ್ತಲು ಎಷ್ಟು ಪೌಂಡ್ ಬೇಕು ಅನ್ನುವುದು ಅದರ ಅರ್ಥ. ನಮ್ಮ ಲೆಕ್ಕಕ್ಕೆ ತಂದರೆ 40ರ ಸ್ಪ್ರಿಂಗ್ ಅಂದರೆ ಒಂದು ಮಿ.ಮೀ.ಗೆ ಸುಮಾರು 0.71 ಕಿಲೋ, 50 ಅಂದರೆ 0.89, 60 ಅಂದರೆ 1.07. ಬರೀ ಅಂಕಿ ನೋಡಿದರೆ ವ್ಯತ್ಯಾಸ ಏನೂ ಇಲ್ಲ ಅನ್ನಿಸುತ್ತದೆ ಅಲ್ವಾ? ಬೈಕಿನ ಮೇಲೆ ಕೂರಿಸಿ ನೋಡೋಣ.

ಬೈಕು 90 ಕಿಲೋ, ಸವಾರ ಬಟ್ಟೆ, ಬೂಟು ಸೇರಿ 75 ಕಿಲೋ ಅಂತಿಟ್ಟುಕೊಳ್ಳಿ. ನಿಂತಾಗ ಹಿಂದಿನ ಸ್ಪ್ರಿಂಗ್‌ಗಳ ಮೇಲೆ, ಚಕ್ರದ ಹತ್ತಿರ ಲೆಕ್ಕ ಹಾಕಿದರೆ, ಸುಮಾರು 83 ಕಿಲೋ ಬೀಳುತ್ತದೆ ಅನ್ನೋಣ. ಚಕ್ರ 10 ಮಿ.ಮೀ. ಮೇಲೆ ಬಂದರೆ ಶಾಕ್ 8 ಮಿ.ಮೀ. ಒತ್ತುತ್ತದೆ, ಸ್ಪ್ರಿಂಗನ್ನು ಮೊದಲೇ 20 ಮಿ.ಮೀ. ಬಿಗಿ ಮಾಡಿದೆ (ಇದಕ್ಕೇ ಪ್ರೀಲೋಡ್ ಅನ್ನುವುದು). ಹೀಗಿದ್ದಾಗ 40ರ ಜೋಡಿ ಹಾಕಿದರೆ ಹಿಂಭಾಗ 66 ಮಿ.ಮೀ. ಕುಸಿಯುತ್ತದೆ. 50ರದು ಹಾಕಿದರೆ 48, 60ರದು ಹಾಕಿದರೆ 36. ಚಕ್ರದ ಒಟ್ಟು ಓಟ 130 ಮಿ.ಮೀ. ಇದ್ದರೆ ಮೊದಲನೆಯದರಲ್ಲಿ ಅರ್ಧ ಓಟ ನಿಂತಲ್ಲೇ ಖಾಲಿ. ಕೊನೆಯದರಲ್ಲಿ ಕಾಲು ಭಾಗಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ.

ಟ್ರಯಲ್ಸ್‌ಗೆ ಬೇಕಾದದ್ದು ಸುಮಾರು ಮೂರನೇ ಒಂದು ಭಾಗ. ಅದಕ್ಕಿಂತ ಜಾಸ್ತಿ ಕುಸಿದರೆ ಹಿಂಭಾಗ ತಗ್ಗಿ ಹ್ಯಾಂಡಲ್ ಭಾರವಾಗುತ್ತದೆ, ದೊಡ್ಡ ಕಲ್ಲಿಗೆ ಶಾಕ್ ತಳ ಮುಟ್ಟುತ್ತದೆ. ಕಡಿಮೆ ಕುಸಿದರೆ ಚಕ್ರ ಹಳ್ಳದೊಳಕ್ಕೆ ಇಳಿಯುವುದಿಲ್ಲ, ಟೈರ್ ಗಾಳಿಯಲ್ಲಿ ತಿರುಗುತ್ತದೆ. ಮೇಲಿನ ಉದಾಹರಣೆಯಲ್ಲಿ 75 ಕಿಲೋ ಆಸಾಮಿಗೆ 50 ಸರಿ. 60 ಕಿಲೋ ಒಳಗಿನವರು 40 ನೋಡಬಹುದು, 90 ದಾಟಿದವರು 60. ನಡುವೆ ಇರುವವರು ಮೆತ್ತಗಿನದಕ್ಕೆ ವಾಲಿ, ಪ್ರೀಲೋಡ್ ಸ್ವಲ್ಪ ಏರಿಸಿಕೊಳ್ಳುವುದು ಒಳ್ಳೆಯದು. ನಿಮ್ಮ ಬೈಕಿನಲ್ಲಿ ಶಾಕ್ ಜಾಸ್ತಿ ವಾಲಿಕೊಂಡಿದ್ದರೆ ಅಥವಾ ಮುಂದಕ್ಕೆ ಕೂತಿದ್ದರೆ ಲೆಕ್ಕ ಬದಲಾಗುತ್ತದೆ, ಸ್ಪ್ರಿಂಗ್ ಒಂದು ಹಂತ ಗಟ್ಟಿ ಬೇಕಾಗುತ್ತದೆ.

ಪ್ರೀಲೋಡ್ ಏರಿಸಿದರೆ ಸ್ಪ್ರಿಂಗ್ ಗಟ್ಟಿಯಾಗುತ್ತದೆ ಅಂತ ತುಂಬ ಜನ ನಂಬಿದ್ದಾರೆ. ಆಗುವುದಿಲ್ಲ. ಬೈಕು ಎತ್ತರವಾಗುತ್ತದೆ, ಅಷ್ಟೇ. ಸ್ಪ್ರಿಂಗ್ ಅದೇ.

ಡ್ಯಾಂಪಿಂಗ್ ಮತ್ತು ಉಜ್ಜಾಟ

ಕಲ್ಲು ದಾಟಿ ಚಕ್ರ ಕೆಳಗಿಳಿಯುವಾಗ ಸ್ಪ್ರಿಂಗ್ ಅದನ್ನು ಬೇಗ ನೆಲಕ್ಕೆ ಒತ್ತಬೇಕು. ಸ್ಪ್ರಿಂಗ್ ಒತ್ತಿ ಬಿಚ್ಚುವ ವೇಗವನ್ನು ಶಾಕ್‌ನೊಳಗಿನ ಎಣ್ಣೆ ತಡೆಯುವುದೇ ಡ್ಯಾಂಪಿಂಗ್, ಬಿಚ್ಚುವಾಗಿನದು ರೀಬೌಂಡ್. ಈ ರೀಬೌಂಡ್ ಡ್ಯಾಂಪಿಂಗ್ ಜಾಸ್ತಿ ಇದ್ದರೆ ಚಕ್ರ ತಡವಾಗಿ ಇಳಿಯುತ್ತದೆ, ಅಷ್ಟರಲ್ಲಿ ಮುಂದಿನ ಕಲ್ಲು ಬಂದಿರುತ್ತದೆ. ತೀರಾ ಕಡಿಮೆ ಇದ್ದರೆ ದೊಡ್ಡ ಮೆಟ್ಟಿಲು ಹತ್ತಿದ ಮೇಲೆ ಹಿಂಭಾಗ ಒದ್ದು ಸವಾರನನ್ನು ಮುಂದಕ್ಕೆ ಎಸೆಯುತ್ತದೆ. ಇವೆರಡರ ನಡುವೆ, ಸ್ವಲ್ಪ ಕಡಿಮೆ ಕಡೆಗೇ ವಾಲಿದ್ದು ಟ್ರಯಲ್ಸ್‌ಗೆ ಸರಿ. ಒತ್ತುವಾಗಿನ ಡ್ಯಾಂಪಿಂಗ್ ಇನ್ನೂ ಕಡಿಮೆ ಸಾಕು. ಹಿಂದಿನ ಟೈರಿನಲ್ಲಿ ಗಾಳಿ 4–5 ಪಿಎಸ್‌ಐ ಮಾತ್ರ ಇರುವುದರಿಂದ ಚಿಕ್ಕ ಹೊಡೆತಗಳನ್ನು ಟೈರೇ ನುಂಗಿಬಿಡುತ್ತದೆ.

ಇನ್ನು ಗ್ಯಾಸ್ ಶಾಕ್‌ನ ವಿಷಯ. ಗ್ಯಾಸ್ ಅಂದರೆ ಮೇಲು ಅನ್ನುವುದು ರಸ್ತೆ ಬೈಕಿನಿಂದ ಬಂದ ಮಾತು. ಶಾಕ್ ಬಿಸಿಯಾದಾಗ ಎಣ್ಣೆಯಲ್ಲಿ ನೊರೆ ಬರದಂತೆ ಒತ್ತಡದ ನೈಟ್ರೋಜನ್ ತಡೆಯುತ್ತದೆ. ಅದು ನಿಜ. ಆದರೆ ಟ್ರಯಲ್ಸ್ ಸೆಕ್ಷನ್‌ನಲ್ಲಿ ಶಾಕ್ ಬಿಸಿಯಾಗುವಷ್ಟು ಕೆಲಸವೇ ಇರುವುದಿಲ್ಲ. ಬದಲಿಗೆ ಆ ಒತ್ತಡಕ್ಕೆ ಒಂದು ಬೆಲೆ ಇದೆ. 12 ಮಿ.ಮೀ. ದಪ್ಪದ ರಾಡ್, ಒಳಗೆ 10 ಬಾರ್ ಒತ್ತಡ ಇದ್ದರೆ ಗ್ಯಾಸ್ ಆ ರಾಡನ್ನು ಸುಮಾರು 11.5 ಕಿಲೋ ಬಲದಲ್ಲಿ ಹೊರಕ್ಕೆ ತಳ್ಳುತ್ತಲೇ ಇರುತ್ತದೆ. 40ರ ಸ್ಪ್ರಿಂಗನ್ನು 16 ಮಿ.ಮೀ. ಬಿಗಿ ಮಾಡಿದಷ್ಟಾಯಿತು. ಅದರ ಮೇಲೆ ಒತ್ತಡ ತಡೆಯಲು ಸೀಲ್ ಬಿಗಿಯಾಗಿರಬೇಕು. ಸೀಲ್ ಬಿಗಿಯಾದಷ್ಟೂ ಉಜ್ಜಾಟ ಜಾಸ್ತಿ, ಚಿಕ್ಕ ಕಲ್ಲಿಗೆ ಶಾಕ್ ಅಲುಗುವುದು ಕಡಿಮೆ. ಕಡಿಮೆ ಒತ್ತಡದಲ್ಲಿ, ಟ್ರಯಲ್ಸ್‌ಗೆಂದೇ ಮಾಡಿದ ಗ್ಯಾಸ್ ಶಾಕ್ ಚೆನ್ನಾಗಿಯೇ ಇರುತ್ತದೆ. ರಸ್ತೆ ಬೈಕಿನ ಗ್ಯಾಸ್ ಶಾಕ್ ತಂದು ಸ್ಪ್ರಿಂಗ್ ಮಾತ್ರ ಬದಲಿಸಿದರೆ ಈ ತೊಂದರೆ ಉಳಿದೇ ಉಳಿಯುತ್ತದೆ.

ಅಂಗಡಿಯಲ್ಲೇ ಪರೀಕ್ಷೆ ಮಾಡಬಹುದು. ಸ್ಪ್ರಿಂಗ್ ಇಲ್ಲದ ಶಾಕ್ ಕೈಗೆ ಕೊಡಿ ಅನ್ನಿ. ರಾಡನ್ನು ನಿಧಾನವಾಗಿ ಒತ್ತಿ, ನಿಧಾನವಾಗಿ ಎಳೆಯಿರಿ. ಶುರುವಿನಲ್ಲಿ ತಡೆದು ಆಮೇಲೆ ಜಾರಿದರೆ ಅದು ನಿಮಗೆ ಬೇಡ.

ಹಳೆಯದನ್ನೇ ರಿಪೇರಿ ಮಾಡಿಸುವುದು

ಈಗ ಆಯ್ಕೆಗಳಿಗೆ ಬರೋಣ. ಮೊದಲನೆಯದು ನಿಮ್ಮ ಹತ್ತಿರ ಈಗಾಗಲೇ ಇರುವುದು. ಸ್ಪೇನಿನ ಬೆಟೋರ್, ಇಂಗ್ಲೆಂಡಿನ ಗರ್ಲಿಂಗ್, ಇಟಲಿಯ ಮಾರ್ಜೋಕ್ಕಿ, ಹೀಗೆ ಆ ಕಾಲದ ಶಾಕ್ ಯಾವುದಾದರೂ ಇರಬಹುದು. ಮೊದಲು ನೋಡಬೇಕಾದದ್ದು ಅದನ್ನು ಬಿಚ್ಚಲು ಬರುತ್ತದೋ ಇಲ್ಲವೋ ಅನ್ನುವುದು. ತಲೆಯಲ್ಲಿ ತಿರುಪು ನಟ್ ಅಥವಾ ಸರ್‌ಕ್ಲಿಪ್ ಇದ್ದರೆ ಬಿಚ್ಚಬಹುದು, ಸೀಲ್ ಮತ್ತು ಎಣ್ಣೆ ಬದಲಿಸಬಹುದು. ತಗಡನ್ನು ಮಡಚಿ ಮುಚ್ಚಿದ್ದರೆ ಲೇತ್ ಮೇಲೆ ಕತ್ತರಿಸಿ, ಹೊಸ ತಲೆ ಕೂರಿಸುವ ನುರಿತ ಕೈ ಬೇಕು. ಅಷ್ಟು ಖರ್ಚು ಮಾಡುವುದಕ್ಕಿಂತ ಹೊಸ ಜೋಡಿ ಕೊಳ್ಳುವುದು ಮೇಲು.

ಎರಡನೆಯದಾಗಿ ನೋಡಬೇಕಾದದ್ದು ರಾಡ್. ಸೀಲ್ ಓಡಾಡುವ ಜಾಗದಲ್ಲಿ ತುಕ್ಕಿನ ಚುಕ್ಕೆ ಇದ್ದರೆ ಹೊಸ ಸೀಲ್ ಎಷ್ಟು ಒಳ್ಳೆಯದಾದರೂ ಸ್ವಲ್ಪ ದಿನದಲ್ಲೇ ಹರಿದುಹೋಗುತ್ತದೆ. ರಾಡಿಗೆ ಮತ್ತೆ ಗಟ್ಟಿ ಕ್ರೋಮ್ ಹಾಕಿಸಿ, ಗ್ರೈಂಡ್ ಮಾಡಿಸಬಹುದು. ಆಗ ರಿಪೇರಿ ಅಗ್ಗ ಅನ್ನುವ ಮಾತು ಉಳಿಯುವುದಿಲ್ಲ.

ರಿಪೇರಿಯ ಲಾಭ ಏನು? ಬೈಕು ಫ್ಯಾಕ್ಟರಿಯಿಂದ ಬಂದ ಹಾಗೇ ಕಾಣುತ್ತದೆ. ಪ್ರದರ್ಶನಕ್ಕೆ ಇಡುವವರಿಗೆ, ಪೂರ್ತಿ ಮೂಲರೂಪಕ್ಕೆ ತರುವವರಿಗೆ ಇದರ ಹೊರತು ದಾರಿಯಿಲ್ಲ. ಬಿಚ್ಚಲು ಬರುವ ಶಾಕ್ ಆದರೆ ಬೇರೆ ಬೇರೆ ತೂಕದ ಎಣ್ಣೆ ಹಾಕಿ ಡ್ಯಾಂಪಿಂಗ್ ಬೇಕಾದ ಹಾಗೆ ಮಾಡಿಕೊಳ್ಳಬಹುದು. ಇದೊಂದು ಸುಖ, ನಿಜಕ್ಕೂ. ನಷ್ಟ ಅಂದರೆ ಆ ಕಾಲದ ಕವಾಟಗಳು ಸಾಧಾರಣ, ಹಳೆಯ ಸ್ಪ್ರಿಂಗ್ ಕುಗ್ಗಿರುತ್ತದೆ. ಸ್ಪ್ರಿಂಗ್ ಮಾತ್ರ ಹೊಸದು ಹಾಕಿಕೊಳ್ಳಿ. ಮೂಲರೂಪದ ಹಟ ಇರುವವರೂ ಇಷ್ಟಕ್ಕೆ ಒಪ್ಪುತ್ತಾರೆ.

ಅಗ್ಗದ ಹೊಸ ಜೋಡಿ

ಬ್ರಿಟನ್ನಿನಲ್ಲಿ ನೂರು ಪೌಂಡಿನ ಆಸುಪಾಸಿಗೆ ಹೊಸ ಜೋಡಿ ಸಿಗುತ್ತದೆ. ಎನ್‌ಜೆಬಿ ಹೆಸರಿನವು ಟ್ರಯಲ್ಸ್ ಮಂದಿಯಲ್ಲಿ ಚಾಲ್ತಿಯಲ್ಲಿವೆ. ಹೆಸರೇ ಇಲ್ಲದವೂ ಬೇಕಾದಷ್ಟಿವೆ. ಈ ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ಉದ್ದ ಇಷ್ಟು, ಸ್ಪ್ರಿಂಗ್ ಇಷ್ಟು ಅಂತ ಬರೆದು ಮಾರುವವರ ಹತ್ತಿರ ಕೊಳ್ಳಬಹುದು. "ಎಲ್ಲ ಬೈಕಿಗೂ ಸರಿಹೊಂದುತ್ತದೆ" ಅಂತ ಬರೆದಿದ್ದರೆ ಅದು ಟ್ರಯಲ್ಸ್ ಬೈಕಿಗೆ ಸರಿಹೊಂದುವುದಿಲ್ಲ ಅಂತಲೇ ಅರ್ಥ. ಅಂಥವುಗಳಲ್ಲಿ ಸಾಮಾನ್ಯವಾಗಿ ಮೊಪೆಡ್ ಅಥವಾ ರಸ್ತೆ ಬೈಕಿನ ಗಟ್ಟಿ ಸ್ಪ್ರಿಂಗ್ ಇರುತ್ತದೆ.

ಅಗ್ಗದ ಶಾಕ್ ಸೋರಲು ಶುರುವಾದರೆ ಬಿಸಾಡಬೇಕು, ರಿಪೇರಿ ಇಲ್ಲ. ಡ್ಯಾಂಪಿಂಗ್ ಹೊಂದಿಸಲು ಆಗುವುದಿಲ್ಲ. ಹಾಗಂತ ಕೆಟ್ಟದ್ದಲ್ಲ. ಈಗಷ್ಟೇ ಟ್ರಯಲ್ಸ್ ಶುರು ಮಾಡಿದವರಿಗೆ, ಬೈಕು ಇಟ್ಟುಕೊಳ್ಳುವುದೋ ಮಾರುವುದೋ ಇನ್ನೂ ಗೊತ್ತಿಲ್ಲದವರಿಗೆ ಸರಿಯಾದ ಉದ್ದ, ಸರಿಯಾದ ಸ್ಪ್ರಿಂಗ್ ಇರುವ ಅಗ್ಗದ ಜೋಡಿಯೇ ಸರಿ. 40 ವರ್ಷದ ಸತ್ತ ಶಾಕ್‌ಗಿಂತ ಅದು ಎಷ್ಟೋ ವಾಸಿ.

ತೂಕ ಕೇಳಿ ಕಟ್ಟಿಕೊಡುವವರು

ನಡುವಿನ ದರ್ಜೆಯಲ್ಲಿ ಬರುವವರು ಇಂಗ್ಲೆಂಡಿನ ಹೇಗನ್, ಫಾಲ್ಕನ್, ಆಸ್ಟ್ರೇಲಿಯಾದ ಇಕಾನ್, ಥಾಯ್ಲೆಂಡಿನ ವೈಎಸ್‌ಎಸ್. ಬೆಟೋರ್ ಹೆಸರಿನಲ್ಲಿ ಹೊಸ ಶಾಕ್‌ಗಳೂ ಸಿಗುತ್ತವೆ. ಸ್ಪೇನಿನ ಬೈಕಿಗೆ ಸ್ಪೇನಿನ ಶಾಕೇ ಇರಲಿ ಅನ್ನುವವರು ಅವುಗಳನ್ನು ನೋಡಬಹುದು.

ನನ್ನ ಒಲವು ಈ ಗುಂಪಿನ ಕಡೆಗೇ. ಹೇಗನ್‌ನಂಥವರು ಬೈಕು ಯಾವುದು, ಸವಾರನ ತೂಕ ಎಷ್ಟು, ಯಾವುದಕ್ಕೆ ಬಳಸುತ್ತೀರಿ ಅಂತ ಕೇಳಿ ಅದಕ್ಕೆ ತಕ್ಕ ಸ್ಪ್ರಿಂಗ್ ಹಾಕಿ ಕೊಡುತ್ತಾರೆ. ಹಾಗೆ ಕೇಳುವುದರಲ್ಲೇ ಅರ್ಧ ಕೆಲಸ ಮುಗಿಯಿತು. ಫಾಲ್ಕನ್‌ನಲ್ಲಿ ಟ್ರಯಲ್ಸ್‌ಗೆಂದೇ ಮಾಡಿದ ಜೋಡಿಗಳಿವೆ. ಬೇರೆ ಕೆಲಸದ ಶಾಕನ್ನು ಟ್ರಯಲ್ಸ್‌ಗೆ ಹೊಂದಿಸಿಕೊಳ್ಳುವ ತಾಪತ್ರಯ ಇರುವುದಿಲ್ಲ. ಇಕಾನ್ ಹಳೆಯ ಕೋನಿ ಶಾಕ್‌ಗಳ ವಂಶದ್ದು. ಗಟ್ಟಿಮುಟ್ಟು, ರೀಬೌಂಡ್ ಹೊಂದಿಸಬಹುದು, ಬಿಚ್ಚಿ ಕಟ್ಟಬಹುದು. ಆದರೆ ಅದರ ಮೂಲ ಗುಣ ರಸ್ತೆಯದು. ಬೈಕನ್ನು ಸೆಕ್ಷನ್‌ಗಿಂತ ಕಾಡುದಾರಿಯಲ್ಲಿ ಜಾಸ್ತಿ ಓಡಿಸುವವರಿಗೆ ಅದು ಹೊಂದುತ್ತದೆ.

ಆರ್ಡರ್ ಕೊಡುವಾಗ ಎರಡು ಪ್ರಶ್ನೆ ಕೇಳಿ. ಸೀಲ್ ಹೋದರೆ ನೀವೇ ಬದಲಿಸಿ ಕೊಡುತ್ತೀರಾ? ಸ್ಪ್ರಿಂಗ್ ತಪ್ಪಿದ್ದರೆ ವಾಪಸ್ ತೆಗೆದುಕೊಂಡು ಬೇರೆ ಕೊಡುತ್ತೀರಾ? ಎರಡಕ್ಕೂ ಹೌದು ಅಂದರೆ ಅಗ್ಗದ್ದಕ್ಕಿಂತ ದುಪ್ಪಟ್ಟು ಬೆಲೆ ಕೊಟ್ಟರೂ ನಷ್ಟವಿಲ್ಲ. ಜೋಡಿ ವರ್ಷಗಟ್ಟಲೆ ಬರುತ್ತದೆ, ಬೈಕು ಮಾರಿದರೂ ಶಾಕ್ ಇಟ್ಟುಕೊಂಡು ಮುಂದಿನ ಬೈಕಿಗೆ ಹಾಕಬಹುದು.

ದುಬಾರಿ ಶಾಕ್

ಸ್ವೀಡನ್ನಿನ ಓಲಿನ್ಸ್ ಥರದವು. ಒಳಗಿನ ಕೆಲಸ ಅದ್ಭುತ, ಹೊಂದಿಸಲು ಹಲವು ತಿರುಪು. ಆದರೆ 90 ಕಿಲೋ ಬೈಕಿಗೆ, ನಡಿಗೆ ವೇಗಕ್ಕೆ, 1975ರ ಚಾಸಿಸ್‌ಗೆ ಅಷ್ಟು ಬೇಕಾಗಿಲ್ಲ. ಬಂಗಾರದ ಬಣ್ಣದ ಡಬ್ಬಿ ಹಳೆಯ ಬೈಕಿನಲ್ಲಿ ಎದ್ದು ಕಾಣುತ್ತದೆ, ಕೆಲವರಿಗೆ ಅದೇ ಬೇಕು, ಇರಲಿ. ರಾಷ್ಟ್ರಮಟ್ಟದಲ್ಲಿ ಒಂದೊಂದು ಅಂಕಕ್ಕೂ ಹೋರಾಡುವವರು ಬಿಟ್ಟರೆ ಉಳಿದವರು ಆ ದುಡ್ಡಿನಲ್ಲಿ ಒಳ್ಳೆಯ ಮಧ್ಯಮ ಜೋಡಿ, ಹೊಸ ಹಿಂದಿನ ಟೈರ್, ಸ್ವಿಂಗ್ ಆರ್ಮ್ ಬುಶ್ ಮೂರನ್ನೂ ತರಬಹುದು. ಆ ಮೂರೂ ಸೇರಿ ಕೊಡುವ ಹಿಡಿತವನ್ನು ಓಲಿನ್ಸ್ ಒಂದೇ ಕೊಡುವುದಿಲ್ಲ.

ನಿಯಮ ನೋಡಿದ್ದೀರಾ?

ನೀವು ಓಡಿಸುವ ಪಂದ್ಯದ ನಿಯಮಪುಸ್ತಕ ಮೊದಲು ಓದಿ. ಟ್ವಿನ್‌ಶಾಕ್ ವಿಭಾಗದಲ್ಲಿ ಸಾಮಾನ್ಯವಾಗಿ ಎರಡು ಶಾಕ್, ಗಾಳಿಯಿಂದ ತಣ್ಣಗಾಗುವ ಎಂಜಿನ್, ಡ್ರಮ್ ಬ್ರೇಕ್ ಇದ್ದರೆ ಸಾಕು, ಶಾಕ್ ಯಾವ ಕಂಪನಿಯದು ಅಂತ ಯಾರೂ ಕೇಳುವುದಿಲ್ಲ. 1965ಕ್ಕೂ ಹಿಂದಿನ ಬೈಕುಗಳ ಪಂದ್ಯಗಳಲ್ಲಿ ಹಾಗಲ್ಲ. ಸ್ಕಾಟ್ಲೆಂಡಿನ ಕಿನ್‌ಲಾಕ್‌ಲೆವೆನ್‌ನಲ್ಲಿ ನಡೆಯುವ ಪ್ರೀ-65 ಸ್ಕಾಟಿಷ್‌ನಂಥ ಕಡೆ ಬೈಕು ಆ ಕಾಲದ್ದೇ ಅನ್ನಿಸಬೇಕು, ಪರಿಶೀಲನೆ ಇರುತ್ತದೆ. ಅಲ್ಲಿಗೆ ಹೋಗುವ ಆಸೆ ಇದ್ದರೆ ಹೊರಗಿನಿಂದ ಹಳೆಯದಾಗಿ ಕಾಣುವ ಸಾದಾ ಶಾಕ್ ತೆಗೆದುಕೊಳ್ಳಿ. ಹೊರಗೆ ಗ್ಯಾಸ್ ಡಬ್ಬಿ ನೇತಾಡುವಂಥದ್ದು ಬೇಡ.

ಬೆಂಗಳೂರಿನ ಬುಲೆಟ್ ಕಥೆ ಬೇರೆ

ಬುಲೆಟ್‌ಗೂ ಟ್ರಯಲ್ಸ್‌ಗೂ ಇರುವ ನಂಟು ಹಳೆಯದು. 1948ರ ಇಂಟರ್‌ನ್ಯಾಷನಲ್ ಸಿಕ್ಸ್ ಡೇಸ್ ಟ್ರಯಲ್‌ಗೆ ರಾಯಲ್ ಎನ್‌ಫೀಲ್ಡ್ ಹಿಂದೆ ಸ್ವಿಂಗ್ ಆರ್ಮ್ ಮತ್ತು ಶಾಕ್ ಇದ್ದ ಬುಲೆಟ್ ಮಾದರಿಗಳನ್ನು ಇಳಿಸಿತ್ತು. ಹೆಚ್ಚಿನ ಟ್ರಯಲ್ಸ್ ಬೈಕುಗಳ ಹಿಂದೆ ಆಗಿನ್ನೂ ಶಾಕೇ ಇರಲಿಲ್ಲ. ಜಾನಿ ಬ್ರಿಟನ್ ಅನ್ನುವ ಸವಾರ ಬುಲೆಟ್ ಮೇಲೆ 1952 ಮತ್ತು 1957ರಲ್ಲಿ ಸ್ಕಾಟಿಷ್ ಸಿಕ್ಸ್ ಡೇಸ್ ಗೆದ್ದರು. 2019ರಲ್ಲಿ ಕಂಪನಿ ಬುಲೆಟ್ ಟ್ರಯಲ್ಸ್ ಅನ್ನುವ ಹೆಸರಿನಲ್ಲೇ ಬೈಕು ತಂದಿತು. ಹಳೆಯ ಎರಕದ ಕಬ್ಬಿಣದ ಎಂಜಿನ್ನಿನ ಬುಲೆಟ್ಟನ್ನು ಈ ರೂಪಕ್ಕೆ ತರುವವರಿಗೆ ಸ್ಫೂರ್ತಿ ಎಲ್ಲಿಂದ ಬಂತು ಅಂತ ಹೇಳಬೇಕಾಗಿಲ್ಲ.

ಆದರೆ ಮೇಲೆ ಹೇಳಿದ 40, 50, 60ರ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಬುಲೆಟ್ 160 ಕಿಲೋ ದಾಟುತ್ತದೆ. ಭಾರದ ಸೀಟು, ಟೂಲ್‌ಬಾಕ್ಸ್, ದೊಡ್ಡ ಮಡ್‌ಗಾರ್ಡ್ ತೆಗೆದರೆ ಸ್ವಲ್ಪ ಇಳಿಯುತ್ತದೆ, ಆದರೂ ಶೆರ್ಪಾದ ಹತ್ತಿರಕ್ಕೂ ಬರುವುದಿಲ್ಲ. ಲಂಡನ್ನಿನಿಂದ ಬುಲ್ಟಾಕೊ ಶಾಕ್ ತರಿಸಿ ಹಾಕಿದರೆ ನಿಂತಲ್ಲೇ ತಳ ಮುಟ್ಟುತ್ತದೆ. ಕಸ್ಟಮ್ಸ್ ಸುಂಕ, ಕೊರಿಯರ್ ಖರ್ಚು ಬೇರೆ.

ಇಲ್ಲಿ ಎರಡೇ ದಾರಿ. ಜೆ.ಸಿ. ರೋಡಿನಲ್ಲಿ ಸಿಗುವ ಬುಲೆಟ್‌ನದೇ ಹೊಸ ಶಾಕ್ ಜೋಡಿ ಹಾಕಿ, ಪ್ರೀಲೋಡನ್ನು ಕನಿಷ್ಠಕ್ಕೆ ಇಳಿಸಿ ನೋಡುವುದು ಒಂದು. ಆ ಶಾಕ್ ಇಬ್ಬರು ಕೂತು, ಹಿಂದೆ ಸಾಮಾನು ಕಟ್ಟಿಕೊಂಡು ಹೋಗುವುದಕ್ಕೆ ಮಾಡಿದ್ದು. ಒಬ್ಬನೇ ನಿಂತು ಓಡಿಸಿದರೆ ಗಟ್ಟಿ ಅನ್ನಿಸುತ್ತದೆ. ಆದರೆ ಬೆಲೆ ಕಡಿಮೆ, ಕಾಡುದಾರಿಗೆ ಸಾಕು. ಇನ್ನೊಂದು ವೈಎಸ್‌ಎಸ್‌ನಂಥ ಕಂಪನಿಯ ಹೊಂದಿಸಬಹುದಾದ ಜೋಡಿ ತೆಗೆದುಕೊಂಡು, ಒಬ್ಬ ಸವಾರನ ತೂಕಕ್ಕೆ ಮೆತ್ತನೆಯ ಸ್ಪ್ರಿಂಗ್ ಕೇಳುವುದು. ವಾರಾಂತ್ಯಕ್ಕೆ ಸುಮ್ನೆ ಮಜಾ ಮಾಡುವವರು ಮೊದಲನೆಯದರಿಂದ ಶುರು ಮಾಡಿ. ಟ್ರಯಲ್ಸ್ ನೋಟ ಮಾತ್ರ ಬೇಕು, ಓಡಿಸುವುದು ರಸ್ತೆಯಲ್ಲೇ ಅನ್ನುವವರು ಏನೂ ಬದಲಿಸಬೇಡಿ. ಉದ್ದದ ಶಾಕ್ ಹಾಕಿ ಹಿಂಭಾಗ ಎತ್ತುವ ಆಸೆ ಬಹಳ ಜನಕ್ಕೆ ಇರುತ್ತದೆ. ಸೈಡ್ ಸ್ಟ್ಯಾಂಡ್ ಚಿಕ್ಕದಾಗಿ ಬೈಕು ಜಾಸ್ತಿ ವಾಲುತ್ತದೆ, ಚೈನ್ ಹಾದಿ ಬದಲಾಗುತ್ತದೆ. ಅದನ್ನು ನೋಡಿಕೊಂಡು ಮಾಡಿ.

ಹಾಕುವ ದಿನ

ಹೊಸ ಜೋಡಿ ಬಂದ ಮೇಲೆ ಹಾಕುವ ಮುಂಚೆ ಸ್ವಿಂಗ್ ಆರ್ಮ್ ಹಿಡಿದು ಅಕ್ಕಪಕ್ಕ ಅಲ್ಲಾಡಿಸಿ. ಆಟ ಇದ್ದರೆ ಮೊದಲು ಬುಶ್ ಬದಲಿಸಿ. ಬುಶ್ ಸವೆದಿದ್ದರೆ ಎಂಥ ಶಾಕ್ ಹಾಕಿದರೂ ಚಕ್ರ ಸೊಟ್ಟಗೇ ಹೋಗುತ್ತದೆ, ಜನ ಶಾಕನ್ನು ಬೈಯುತ್ತಾರೆ.

ಯಾವ ತುದಿ ಮೇಲೆ ಅನ್ನುವುದನ್ನು ಕಂಪನಿಯ ಕಾಗದದಲ್ಲಿ ನೋಡಿ. ಹಳೆಯ ನಮೂನೆಯ, ಎರಡು ಕೊಳವೆ ಇರುವ ಶಾಕ್‌ನಲ್ಲಿ ಎಣ್ಣೆಯ ಮೇಲೆ ಗಾಳಿ ನಿಂತಿರುತ್ತದೆ. ತಲೆಕೆಳಗಾಗಿ ಹಾಕಿದರೆ ತಳದ ಕವಾಟ ಎಣ್ಣೆಯ ಬದಲು ಗಾಳಿ ಹೀರುತ್ತದೆ, ಡ್ಯಾಂಪಿಂಗ್ ಮಾಯ. ಅಂಥ ಶಾಕ್ ಅಂಗಡಿಯಲ್ಲಿ ಅಡ್ಡ ಮಲಗಿದ್ದರೆ, ನೆಟ್ಟಗೆ ಹಿಡಿದು ಏಳೆಂಟು ಸಲ ಒತ್ತಿ ಎಳೆದು ಗಾಳಿ ಹೊರಡಿಸಿದ ಮೇಲೆ ಹಾಕಬೇಕು.

ಆಮೇಲೆ ಸ್ಯಾಗ್, ಅಂದರೆ ನೀವು ನಿಂತಾಗ ಹಿಂಭಾಗ ಕುಸಿಯುವಷ್ಟು ದೂರ, ಅಳೆಯಿರಿ. ಬೈಕನ್ನು ಎತ್ತಿ ಚಕ್ರ ಗಾಳಿಯಲ್ಲಿರುವಾಗ ಆಕ್ಸಲ್‌ನಿಂದ ಮಡ್‌ಗಾರ್ಡ್ ಮೇಲಿನ ಒಂದು ಗುರುತಿಗೆ ಎಷ್ಟು ದೂರ ಅಂತ ಬರೆದುಕೊಳ್ಳಿ. ಈಗ ಹೆಲ್ಮೆಟ್, ಬೂಟು ಹಾಕಿಕೊಂಡು ಫುಟ್‌ರೆಸ್ಟ್ ಮೇಲೆ ನಿಲ್ಲಿ. ಒಬ್ಬರು ಬೈಕು ಹಿಡಿದಿರಲಿ, ಇನ್ನೊಬ್ಬರು ಅದೇ ದೂರ ಅಳೆಯಲಿ. ಎರಡರ ವ್ಯತ್ಯಾಸ ಒಟ್ಟು ಓಟದ ಮೂರನೇ ಒಂದು ಭಾಗದ ಹತ್ತಿರ ಬರುವವರೆಗೆ ಪ್ರೀಲೋಡ್ ತಿರುಗಿಸಿ. ಪ್ರೀಲೋಡ್ ಪೂರ್ತಿ ಬಿಗಿ ಮಾಡಿದರೂ ಕುಸಿತ ನಿಲ್ಲದಿದ್ದರೆ ಸ್ಪ್ರಿಂಗ್ ಮೆತ್ತಗಾಯಿತು. ಪೂರ್ತಿ ಸಡಿಲ ಮಾಡಿದರೂ ಬೈಕು ಕುಸಿಯದಿದ್ದರೆ ಗಟ್ಟಿಯಾಯಿತು. ಅಂಗಡಿಗೆ ಫೋನ್ ಮಾಡಿ ಸ್ಪ್ರಿಂಗ್ ಬದಲಿಸಿಕೊಳ್ಳುವ ಸಮಯ ಅದೇ, ಕೆಸರು ಮೆತ್ತಿಕೊಳ್ಳುವ ಮುಂಚೆ.